ಗಾಜಕ್ಕನೂ ಅಮ್ಮನ ಮಾತಿನ ಸ್ಲೇಟೂ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಾಗ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದಿನ ಕೋಣೆಯಲ್ಲಿ ಕನ್ನಡಿ, ದೀಪ, ಸಾಲುಸಾಲು ಚೌಕಟ್ಟುಗಳು. ಹಿಂದಿನ ಕೋಣೆಯಲ್ಲಿ ಒಂದು ಅರೆಯುವ ಯಂತ್ರ, ನೀರಿನ ತೊಟ್ಟಿ, ಸದಾ ಒದ್ದೆಯಾಗಿರುವ ನೆಲ, ಎತ್ತರದಲ್ಲೊಂದು ಸಣ್ಣ ಕಿಟಕಿ. ಗಿರಾಕಿಗಳು ಅವಳ ಮುಖ ಕಂಡವರಲ್ಲ. ಅಂಗಡಿಯವರು ಅವಳನ್ನು ಗಾಜಕ್ಕ ಎಂದರು, ಬೀದಿಯವರೂ ಹಾಗೇ ಎಂದರು, ಕೊನೆಗೆ ಹೆತ್ತ ತಾಯಿಯೂ ಸಿಟ್ಟು ಬಂದಾಗ "ಏನೇ ಗಾಜಕ್ಕ, ನಿನ್ನ ಕಣ್ಣಿಗೆ ಮೊದಲು ಒಂದು ಗಾಜು ಹಾಕ್ಕೋ" ಎನ್ನತೊಡಗಿದಳು.

ತಂದೆ ಬೇಗ ತೀರಿಕೊಂಡಿದ್ದ. ಅವಳಿಗೂ ತಮ್ಮನಿಗೂ ಹನ್ನೆರಡು ವರ್ಷದ ಅಂತರ. ತಾಯಿ ನೂಲಿನ ಗಿರಣಿಗೆ ಹೋದರೆ ತಮ್ಮನ ಮೂಗು ಒರೆಸುವುದರಿಂದ ಹಿಡಿದು ಮಗ್ಗಿ ಒಪ್ಪಿಸಿಕೊಳ್ಳುವವರೆಗೆ ಎಲ್ಲಾ ಅವಳದೇ. ಬಂದ ಸಂಬಂಧಗಳು ಒಂದೆರಡು ತಪ್ಪಿ ಹೋದವು. ಆಮೇಲೆ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೂದಲು ನೆರೆಯುವ ಹೊತ್ತಿಗೆ ಆ ಸುದ್ದಿ ತಾನಾಗಿ ತಣ್ಣಗಾಯಿತು.

ಮನೆಯಲ್ಲಿ ಬಾಯಿ ಇದ್ದದ್ದು ತಾಯಿಗೆ. ಗಿರಣಿಯ ಯಂತ್ರಗಳ ಸದ್ದಿನ ಮೇಲೆ ಸದ್ದು ಮಾಡಿ ಮಾಡಿ ಅವಳ ಗಂಟಲು ಕಂಚಿನಂತಾಗಿತ್ತು. ಅವಳು ಅಡುಗೆಮನೆಯಲ್ಲಿ ಗುಟ್ಟು ಹೇಳಿದರೆ ಬೀದಿಯ ಆ ತುದಿಯ ದರ್ಜಿಗೆ ಕೇಳುತ್ತಿತ್ತು. ಗಾದೆಯಿಲ್ಲದೆ ಮಾತು ಹೊರಡುತ್ತಿರಲಿಲ್ಲ. ಬೈದರೂ ಗಾದೆ, ಮುದ್ದು ಮಾಡಿದರೂ ಗಾದೆ. ಗಾಜಕ್ಕ ಮಾತ್ರ ಎರಡು ಮಾತಿಗೆ ಒಂದು ಹೂಂ ಅನ್ನುವವಳು. "ಇವಳ ಪಾಲಿನ ಮಾತೆಲ್ಲ ನನ್ನ ಹೊಟ್ಟೆಯಲ್ಲೇ ಬಿಟ್ಟು ಹುಟ್ಟಿದಳು" ಎಂದು ತಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಂಥ ತಾಯಿ ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಕೂತಿದ್ದಾಗ ಕೈಯಿಂದ ಬಾಚಣಿಗೆ ಜಾರಿತು. ಎತ್ತಿಕೊಡು ಎನ್ನಲು ಬಾಯಿ ತೆರೆದಳು. ಬಂದದ್ದು "ಅದೇ" ಎಂಬ ಒಂದು ಮಾತು. ಮತ್ತೆ ತೆರೆದಳು, ಮತ್ತೆ "ಅದೇ". ಆಸ್ಪತ್ರೆಯಲ್ಲಿ ಕೆಲವು ವಾರ ಇದ್ದು ಬಂದ ಮೇಲೂ ಬಲಗೈ ಎತ್ತಲಾಗಲಿಲ್ಲ, ನಾಲಿಗೆಯ ಮೇಲೆ ಆ ಒಂದು ಮಾತಲ್ಲದೆ ಇನ್ನೊಂದು ಹುಟ್ಟಲಿಲ್ಲ. ಹಸಿವಾದರೂ ಅದೇ, ನೋವಾದರೂ ಅದೇ, ಬೇಡವೆಂದರೂ ಅದೇ.

"ಬುದ್ಧಿಗೆ ಏನೂ ಆಗಿಲ್ಲ" ಎಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ. "ನೀವು ಹೇಳೋದೆಲ್ಲ ಅರ್ಥ ಆಗುತ್ತೆ. ಮಾತು ಒಳಗಿದೆ, ಬಾಯಿಗೆ ಬರೋ ದಾರಿ ಮುಚ್ಚಿದೆ."

ತಮ್ಮನ ಕಸುಬು ಮೊಬೈಲಿಗೆ ಆ್ಯಪ್ ಮಾಡುವುದು. ಟೈರು ಅಂಗಡಿಯ ಮೇಲಿನ ಬಾಡಿಗೆ ಕೋಣೆಯೊಂದರಲ್ಲಿ ಅವನೂ ಅವನ ಗೆಳೆಯನೂ ಎದುರುಬದುರು ಮೇಜು ಹಾಕಿಕೊಂಡು, ಔಷಧದ ಅಂಗಡಿಗಳಿಗೆ, ಶಾಲಾ ಬಸ್ಸಿನವರಿಗೆ, ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುತ್ತಿದ್ದರು. ಆ ಗೆಳೆಯನಿಗೆ ಎದೆಯವರೆಗೆ ಗಡ್ಡ, ಹೆಸರೂ ಗಡ್ಡವೇ. ಮದುವೆಯ ಮಾತು ಎತ್ತಿದರೆ ತಮ್ಮ ತನ್ನ ಲ್ಯಾಪ್‌ಟಾಪ್ ತೋರಿಸಿ "ಆಗಿದೆಯಲ್ಲಮ್ಮ" ಎನ್ನುತ್ತಿದ್ದ.

ತಾಯಿ ಮನೆಗೆ ಬಂದ ಮೇಲೆ ಅವನು ಬೇರೆ ಕೆಲಸ ಬದಿಗಿಟ್ಟು ಅವಳಿಗಾಗಿ ಒಂದು ಆ್ಯಪ್ ಕಟ್ಟಿದ. ಅಗಲವಾದ ಟ್ಯಾಬ್ಲೆಟ್ಟಿನ ಮೇಲೆ ಚೌಕಚೌಕವಾದ ಚಿತ್ರಗಳು. ಲೋಟ ಮುಟ್ಟಿದರೆ "ನೀರು ಬೇಕು", ತಟ್ಟೆ ಮುಟ್ಟಿದರೆ "ಊಟ", ಬೆನ್ನಿನ ಚಿತ್ರ ಮುಟ್ಟಿದರೆ "ನೋಯ್ತಿದೆ". ಎಲ್ಲವೂ ಅವನದೇ ದನಿ. ಇಂಥವು ಸಿದ್ಧವಾಗಿಯೇ ಸಿಗುತ್ತವೆ ಎಂದು ಡಾಕ್ಟರಮ್ಮ ಒಂದೆರಡು ತೋರಿಸಿದ್ದಳು. ಅದರಲ್ಲಿನ ಯಂತ್ರದ ದನಿ ಕೇಳಿ ತಾಯಿ ಮುಖ ಸಿಂಡರಿಸಿ ಗೋಡೆ ಕಡೆ ತಿರುಗಿದ್ದಳು. ಮಗನ ದನಿ ಬಂದಾಗ ಮಾತ್ರ ಎಡಗೈಯ ಬೆರಳು ಚಾಚಿದಳು. ಅದಕ್ಕೆ ಮನೆಯಲ್ಲಿ ಸ್ಲೇಟು ಎಂಬ ಹೆಸರು ಬಿತ್ತು.

ಒಂದು ತಮಾಷೆ ಆಯಿತು. ಗಾಜಕ್ಕನ ಫೋಟೊ ಇದ್ದ ಚೌಕಕ್ಕೆ ತಮ್ಮ ತನ್ನ ಬಾಯಿಗೆ ಬಂದಂತೆ "ಅಕ್ಕ" ಎಂದು ದನಿ ಕೊಟ್ಟಿದ್ದ. ಹೀಗಾಗಿ ತಾಯಿಯೇ ಮಗಳನ್ನು ಅಕ್ಕ ಎಂದು ಕರೆಯುವಂತಾಯಿತು. ಸರಿಮಾಡುತ್ತೇನೆ ಎಂದ ತಮ್ಮ. ತಾಯಿ ತಲೆ ಅಲ್ಲಾಡಿಸಿದಳು. ಅವಳಿಗೆ ಅದೇ ಖುಷಿ.

ಆದರೆ ನೀರು, ಊಟ, ನೋವು ಇಷ್ಟರಲ್ಲಿ ಬದುಕುವ ಹೆಂಗಸೇ ಅವಳು? ಮಗನಿಗೆ ಅದು ತಿಳಿಯಿತು. ಲ್ಯಾಪ್‌ಟಾಪಿಗೆ ಸ್ಲೇಟನ್ನು ಜೋಡಿಸಿಕೊಂಡು ಹಾಸಿಗೆಯ ಪಕ್ಕ ಕೂತು, ಅವಳ ಹಳೆಯ ಗಾದೆಗಳನ್ನು ಒಂದೊಂದಾಗಿ ಸೇರಿಸತೊಡಗಿದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." "ಹಿತ್ತಲ ಗಿಡ ಮದ್ದಲ್ಲ." "ಮಾತು ಬಲ್ಲವನಿಗೆ ಜಗಳವಿಲ್ಲ." ತಾಯಿಯ ರಾಗ, ತಾಯಿಯ ಎಳೆತ, ದನಿ ಮಾತ್ರ ಅವನದು. ಗಾಜಕ್ಕ ಅನ್ನ ಸ್ವಲ್ಪ ಮುದ್ದೆ ಮಾಡಿ ತಂದರೆ ಕುಣಿಯಲಾರದವಳು ಹೊರಬೀಳುತ್ತಿದ್ದಳು. ಆ ಮನೆಯಲ್ಲಿ ಮತ್ತೆ ನಗು ಕೇಳಿದ್ದು ಆ ದಿನಗಳಲ್ಲಿ.

ಅದಾಗಿ ಕೆಲವೇ ವಾರ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ತಮ್ಮನಿಗೆ ಹಿಂದಿನಿಂದ ಬಂದ ಲಾರಿ ಬಡಿಯಿತು. ಲ್ಯಾಪ್‌ಟಾಪ್ ಬೆನ್ನ ಚೀಲದಲ್ಲಿತ್ತು. ಆಸ್ಪತ್ರೆಯವರು ಚೀಲವನ್ನು ಗಾಜಕ್ಕನ ಕೈಗೆ ಕೊಟ್ಟಾಗ ಒಳಗಿನಿಂದ ಚೂರುಗಳ ಸದ್ದು ಬಂತು. ಗಾಜು ಒಡೆದ ಸದ್ದು ಅವಳಿಗೆ ಹೊಸದಲ್ಲ. ಅವಳು ಚೀಲ ಬಿಚ್ಚಲಿಲ್ಲ.

ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗನ ಮುಖ ತೋರಿಸಿದರು. ಅವಳು ಎಡಗೈಯಿಂದ ಅವನ ಕೆನ್ನೆ ಮುಟ್ಟಿ "ಅದೇ, ಅದೇ, ಅದೇ" ಎಂದಳು. ಅವಳಿಗೆ ಎಷ್ಟು ತಿಳಿಯಿತು ಎಂದು ಬಂದವರು ತಂತಮ್ಮಲ್ಲಿ ಮಾತಾಡಿಕೊಂಡರು. ಪಾಪ, ತಿಳಿಯದಿದ್ದರೇ ಒಳ್ಳೆಯದು ಎಂದರು ಕೆಲವರು. ಅವಳ ಎದುರಿಗೇ ಎಂದರು.

ಆಮೇಲೆ ಆ ಮನೆಯಲ್ಲಿ ಇಬ್ಬರೇ. ಗಾಜಕ್ಕ ಬೆಳಿಗ್ಗೆ ತಾಯಿಗೆ ಸ್ನಾನ, ಊಟ ಮುಗಿಸಿ ಅಂಗಡಿಗೆ ಹೋಗುವಳು. ಎದುರುಮನೆಯಾಕೆ ಮಧ್ಯೆ ಬಂದು ನೋಡುವಳು. ಸಂಜೆ ಬಂದರೆ ಮನೆಯೊಳಗಿನಿಂದ ತಮ್ಮನ ದನಿ: "ಅಕ್ಕ. ನೀರು ಬೇಕು." ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಗಾಜಕ್ಕ ಪ್ರತಿ ಸಲ ಒಂದು ಗಳಿಗೆ ಗೋಡೆ ಹಿಡಿದು ನಿಲ್ಲುವಳು. ಸ್ಲೇಟನ್ನು ಎತ್ತಿಟ್ಟುಬಿಡೋಣವೆನ್ನಿಸುತ್ತಿತ್ತು. ಎತ್ತಿಟ್ಟರೆ ತಾಯಿಗೆ ಬಾಯಿಯಿಲ್ಲ. ಅವಳು ಆ ವಿಷಯ ಯಾರ ಮುಂದೆಯೂ ಆಡಲಿಲ್ಲ. ತಾಯಿಯ ಮುಂದೆ ತಮ್ಮನ ಹೆಸರನ್ನೂ ಎತ್ತಲಿಲ್ಲ. ಎತ್ತಿದರೆ ಏನಾದೀತೋ ಎಂಬ ಭಯ.

ಹೀಗಿರುವಾಗ ಒಂದು ದಿನ ತಾಯಿಯ ಗಿರಣಿಯ ಗೆಳತಿ ಬಂದಳು. ಮಗಳ ಮನೆ ಸೇರಿ ಬೇರೆ ಊರಲ್ಲಿದ್ದವಳು, ಪಾರ್ಶ್ವವಾಯುವಿನ ಸುದ್ದಿ ಕೇಳಿ ಹುಡುಕಿಕೊಂಡು ಬಂದಿದ್ದಳು. ಮಗನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ಗಾಜಕ್ಕ ಚಹಾ ಮಾಡಲು ಒಳಗೆ ಹೋಗಿದ್ದಳು.

"ಮಗರಾಯ ಎಲ್ಲೇ, ಕಾಣಿಸ್ತಾ ಇಲ್ಲ? ಕೆಲಸಕ್ಕೆ ಹೋಗಿದಾನಾ?" ಎಂದು ಗೆಳತಿ ಕೇಳುವುದು ಅಡುಗೆಮನೆಗೆ ಕೇಳಿಸಿತು. ಗಾಜಕ್ಕ ಒಲೆ ಆರಿಸಿ ಬರುವಷ್ಟರಲ್ಲಿ ಸ್ಲೇಟು ಮಾತಾಡಿತ್ತು.

"ಮಗ" ಎಂದಿತು ತಮ್ಮನ ದನಿ. ಆಮೇಲೆ ತಡೆದು, "ನೋಯ್ತಿದೆ."

"ಅಯ್ಯೋ, ಏನಾಯ್ತು ಅವನಿಗೆ? ಜ್ವರವಾ?"

ತಾಯಿಯ ಬೆರಳು ಚೌಕಗಳ ಮೇಲೆ ಓಡಾಡಿತು. ಪುಟ ತಿರುವಿದಳು, ಹಿಂದೆ ಬಂದಳು. "ಮಗ. ಮಲಗಬೇಕು." ತಲೆ ಜೋರಾಗಿ ಅಲ್ಲಾಡಿಸಿದಳು. "ಮಗ. ಸಾಕು. ಬೇಡ. ಮಗ. ಬೇಡ." ಸ್ಲೇಟನ್ನು ಗೆಳತಿಯ ತೊಡೆಯ ಮೇಲೆ ತಳ್ಳಿ, ತನ್ನ ಬಾಯಿಂದಲೇ "ಅದೇ" ಎಂದಳು, ಹಳೆಯ ಕಂಚಿನ ದನಿಯಲ್ಲಿ, ಬೀದಿಗೆ ಕೇಳುವಂತೆ. ಗೆಳತಿ ದಿಕ್ಕು ತೋಚದೆ ಗಾಜಕ್ಕನ ಮುಖ ನೋಡಿದಳು. ಗಾಜಕ್ಕ ಅವಳನ್ನು ಹೊರಗೆ ಕರೆದೊಯ್ದು ಮೆಟ್ಟಿಲ ಬಳಿ ನಿಜ ಹೇಳಬೇಕಾಯಿತು.

ಒಳಗೆ ಬಂದಾಗ ತಾಯಿ ಅಳುತ್ತಿರಲಿಲ್ಲ. ಸುಮ್ಮನೆ ಮಗಳನ್ನು ನೋಡುತ್ತಿದ್ದಳು. ಆ ನೋಟ ಗಾಜಕ್ಕನಿಗೆ ಅರ್ಥವಾಯಿತು. ತಾಯಿಗೆ ಎಲ್ಲಾ ಗೊತ್ತು. ಮೊದಲ ದಿನದಿಂದ ಗೊತ್ತು. ಹೇಳಿಕೊಳ್ಳಲು ಒಂದು ಚೌಕ ಇರಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಅವಳು ಟೈರು ಅಂಗಡಿಯ ಮೇಲಿನ ಕೋಣೆಗೆ ಹೋದಳು. ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಅಲ್ಲಿಗೂ ಬರುತ್ತಿತ್ತು. ತಮ್ಮನ ಮೇಜಿನ ಮೇಲೆ ಗಡ್ಡ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದ, ಎದುರಿಗೆ ಖಾಲಿ ಕುರ್ಚಿ ಕಾಣದಂತೆ. ಸಾವಿನ ದಿನ ಬಂದು ಹೋದವನು ಆಮೇಲೆ ಅವರ ಬೀದಿಗೆ ಕಾಲಿಟ್ಟಿರಲಿಲ್ಲ.

ಅವಳು ವಿಷಯ ಹೇಳಿದಳು. ಅವನು ಕೇಳುತ್ತ ಕೇಳುತ್ತ ಉಗುರು ಕಚ್ಚಿದ.

"ಆ್ಯಪ್ ಕಟ್ಟೋಕೆ ಅವನು ಬರೆದ ಕೋಡು ನನ್ನ ಹತ್ರ ಇದೆ ಅಕ್ಕ. ಸ್ಲೇಟು ಕೊಡಿ, ನಾನೇ ಸೇರಿಸಿಕೊಡ್ತೀನಿ."

"ಒಂದು ಮಾತಲ್ಲಪ್ಪ. ಇವತ್ತು ಇದು, ನಾಳೆ ಇನ್ನೊಂದು. ಪ್ರತಿ ಸಲ ನಿನ್ನ ಬಾಗಿಲಿಗೆ ಬರಲಾ? ನನಗೆ ಹೇಳಿಕೊಡು."

"ನಿಮಗಾ?" ಎಂದವನು ತಕ್ಷಣ ತಲೆ ತಗ್ಗಿಸಿದ. "ಕಷ್ಟ ಅಂತಲ್ಲ. ಆದ್ರೆ ಮಾತು ಸೇರಿಸೋದು ಅರ್ಧ ಗಂಟೆ ಕೆಲಸ, ಅದಕ್ಕೆ ಮುಂಚೆ ಕಂಪ್ಯೂಟರನ್ನ ಸಿದ್ಧ ಮಾಡ್ಕೊಳೋದು ಇದೆಯಲ್ಲ, ಅದು ನಮ್ಮಂಥವರಿಗೇ ತಲೆ ತಿನ್ನುತ್ತೆ."

"ನಮ್ಮ ಕೋಣೇಲೂ ಹಾಗೇ. ಗಾಜು ಉಜ್ಜೋದು ಐದು ನಿಮಿಷ, ಯಂತ್ರ ಸರಿ ಕೂರಿಸೋದು ಬೆಳಗಿನಿಂದ."

ಅವನು ಪೆಟ್ಟಿಗೆಗಳ ಅಡಿಯಿಂದ ತನ್ನ ಹಳೆಯ ಲ್ಯಾಪ್‌ಟಾಪ್ ಎಳೆದು, ಧೂಳು ಒರೆಸಿ, ತಮ್ಮನ ಕೋಡನ್ನು ಅದಕ್ಕೆ ಹಾಕಿ ಕೊಟ್ಟ. ಮನೆಗೆ ಬಂದು ಮಾಡಿಕೊಡುತ್ತೇನೆ ಎಂದು ಮಾತ್ರ ಅವನು ಹೇಳಲಿಲ್ಲ. ಫೋನ್ ಮಾಡಿ ಎಂದ.

ಹೀಗೆ ಶುರುವಾಯಿತು. ಭಾನುವಾರ ಮಧ್ಯಾಹ್ನ ತಾಯಿಯನ್ನು ಕಿಟಕಿಯ ಬಳಿ ಕೂರಿಸಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಫೋನನ್ನು ನೀರಿನ ಹೂಜಿಗೆ ಒರಗಿಸಿಟ್ಟುಕೊಂಡು ಅವಳು ಕೂರುತ್ತಿದ್ದಳು. ಆ್ಯಪ್ ಕಟ್ಟುವ ದೊಡ್ಡ ತಂತ್ರಾಂಶ ಮೊದಲು ಇಳಿಯಬೇಕು. ಅದು ಇಳಿಯುವುದೆಂದರೆ ಬತ್ತಿದ ಬಾವಿಯಿಂದ ನೀರು ಸೇದಿದ ಹಾಗೆ. ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ. ಇಳಿದ ಮೇಲೆ ಜಾಗ ಸಾಲದು ಎಂದಿತು. ಗಡ್ಡನ ಹಳೆಯ ಹಾಡು, ಸಿನಿಮಾಗಳನ್ನು ಅವನನ್ನೇ ಕೇಳಿ ಅಳಿಸಿದಳು. ಆಮೇಲೆ ಎಸ್‌ಡಿಕೆ ಎಂಬುದು ಸಿಗುತ್ತಿಲ್ಲ ಎಂದಿತು.

"ಸಿಗದೇ ಏನು, ಈಗ ತಾನೇ ಹಾಕಿದೆನಲ್ಲ" ಎಂದಳು ಫೋನಿಗೆ.

"ಹಾಕಿದ್ದೀರಿ. ಎಲ್ಲಿ ಹಾಕಿದ್ದೀರಿ ಅಂತ ಅದಕ್ಕೆ ಹೇಳಿಲ್ಲ. ಎಸ್‌ಡಿಕೆ ಅಂದ್ರೆ ಸಾಮಾನಿನ ಪೆಟ್ಟಿಗೆ ಇದ್ದ ಹಾಗೆ. ಯಾವ ಗೂಡಲ್ಲಿದೆ ಅಂತ ಬರೆದು ಹೇಳಬೇಕು. ತಾನಾಗಿ ಹುಡುಕೋ ಜಾಣತನ ಇಲ್ಲ."

ದಾರಿ ಬರೆದು ತೋರಿಸಿದಳು. ಅದು ಇನ್ನೊಂದು ಕೇಳಿತು. ಕೋಡು ಹಳೆಯದು, ತಂತ್ರಾಂಶ ಹೊಸದು, ಎರಡಕ್ಕೂ ಎಣ್ಣೆ ಸೀಗೆಕಾಯಿ. ಕೋಡಿಗೆ ಜಾವಾ ಎಂಬ ಇನ್ನೊಂದು ತಂತ್ರಾಂಶ ಬೇಕು, ಅದೂ ಹೊಸದು ಒಲ್ಲೆ, ಹಳೆಯದೇ ಬೇಕು ಎಂಬ ಹಟ. ಹಳೆಯದನ್ನು ಹುಡುಕಿ ತಂದು ಕೂರಿಸಿದರೆ, ಹೊಸ ತಂತ್ರಾಂಶ ನಾನಿರಲಾರೆ ಎಂದಿತು. ಪರದೆಯ ಕೆಳಗೆ ಕೆಂಪು ಅಕ್ಷರದ ಸಾಲುಗಳು ಇರುವೆಯಂತೆ ಹರಿಯುತ್ತಿದ್ದವು. ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಒಂದೊಂದು ಅಕ್ಷರವನ್ನೂ ಗಡ್ಡನಿಗೆ ಓದಿ ಹೇಳುವಳು. ಅವನು ಆ ಕಡೆ ತಾಳ್ಮೆಯಿಂದ ಕೇಳುವನು, ಕೆಲವೊಮ್ಮೆ ತಾಳ್ಮೆ ಕೆಟ್ಟು ಸುಮ್ಮನಾಗುವನು. ಒಂದು ಭಾನುವಾರ ಅವಳೇ ಲ್ಯಾಪ್‌ಟಾಪ್ ಮುಚ್ಚಿ, "ಇದು ನನ್ನ ಹಣೇಲಿ ಬರೆದಿಲ್ಲ" ಎಂದಳು.

ಕಿಟಕಿಯ ಬಳಿಯಿಂದ ತಮ್ಮನ ದನಿ ಬಂತು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ತಾಯಿ ಅವಳನ್ನೇ ನೋಡುತ್ತಿದ್ದಳು. ಮಗಳು ಏನು ಮಾಡುತ್ತಿದ್ದಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಮಗ ಅದೇ ಮೇಜಿನಲ್ಲಿ, ಅಂಥದೇ ಪೆಟ್ಟಿಗೆಯ ಮುಂದೆ ಕೂತು ಅದೇ ರೀತಿ ತಲೆ ಕೆರೆದುಕೊಂಡದ್ದನ್ನು ಅವಳು ಕಂಡವಳು. ಗಾಜಕ್ಕ ಮತ್ತೆ ತೆರೆದಳು.

ಕೊನೆಯ ತೊಡಕು ಅವಳೇ ಮಾಡಿಕೊಂಡದ್ದು. ಎಲ್ಲಾ ಸರಿ ಕೂತ ಮೇಲೂ ಬಿಲ್ಡ್, ಅಂದರೆ ಕೋಡಿನಿಂದ ಆ್ಯಪ್ ಕಟ್ಟುವುದು, ಆಗುತ್ತಿರಲಿಲ್ಲ. ಗಡ್ಡನಿಗೂ ತಿಳಿಯದೆ ಒಂದು ವಾರ ಕಳೆಯಿತು. ಕಡೆಗೆ ಅವನು, ಕೋಡು ಇಟ್ಟ ಫೋಲ್ಡರಿನ ಹೆಸರೇನು ಎಂದು ಕೇಳಿದ.

"ಅಮ್ಮನ ಮಾತು."

"ಇಂಗ್ಲಿಷಲ್ಲಾ?"

"ಇಂಗ್ಲಿಷಲ್ಲಿ ಯಾಕಪ್ಪ ಬರೀಲಿ, ಕನ್ನಡದಲ್ಲೇ."

ಆ ಕಡೆ ಅವನು ನಕ್ಕ. ಅವನು ನಕ್ಕದ್ದನ್ನು ಅವಳು ಎಷ್ಟೋ ಕಾಲದ ಮೇಲೆ ಕೇಳಿದಳು. "ಅದಕ್ಕೆ ನಮ್ಮ ಅಕ್ಷರ ಬರಲ್ಲ ಅಕ್ಕ. ದಾರಿಯಲ್ಲಿ ಕನ್ನಡ ಕಂಡ್ರೆ ಮುಂದೆ ಹೋಗಲ್ಲ. ಇಂಗ್ಲಿಷಿಗೆ ಬದಲಾಯಿಸಿ."

ಅವಳು ಬದಲಾಯಿಸಿದಳು, ಮನಸ್ಸಿಲ್ಲದೆ. ಆ ಭಾನುವಾರ ಕೆಂಪು ಸಾಲು ಬರಲಿಲ್ಲ.

ತಮ್ಮನ ಕೋಡು ತೆರೆದುಕೊಂಡ ಮೇಲೆ, ದನಿಗಳೆಲ್ಲ ಎಲ್ಲಿವೆ ಎಂದು ಹುಡುಕಿ ಒಂದೊಂದನ್ನೇ ಮುಟ್ಟಿ ಕೇಳಿದಳು. ನೀರು, ಊಟ, ನೋವು. ಅವುಗಳ ನಡುವೆ ಬಳಸದೆ ಬಿಟ್ಟದ್ದೊಂದು ಇತ್ತು. "ಕಿಟಕಿ ತೆ... ಅಕ್ಕಾ, ಸ್ವಲ್ಪ ಪಾತ್ರೆ ಸದ್ದು ನಿಲ್ಲಿಸೇ, ರೆಕಾರ್ಡ್ ಮಾಡ್ತಿದೀನಿ." ಹಿಂದೆ ಅಡುಗೆಮನೆಯಿಂದ ಅವಳದೇ ದನಿ: "ನಿಂದು ಯಾವಾಗ ಮುಗಿಯುತ್ತೋ?" ಅವನು ನಗುತ್ತಿದ್ದಂತೆ ರೆಕಾರ್ಡು ನಿಂತುಹೋಗಿತ್ತು.

ಸ್ಲೇಟಿನ ಮಾತು ತಾಯಿಯ ಮಾತು, ಅದನ್ನು ಅವಳು ಹೇಗೋ ತಾಳಿಕೊಂಡಿದ್ದಳು. ಇದು ಅವಳಿಗೇ ಹೇಳಿದ್ದು. ಅವಳು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟಳು. ಒಂದು ತಿಂಗಳು ಅದನ್ನು ಮುಟ್ಟಲಿಲ್ಲ. ಗಡ್ಡ ಫೋನ್ ಮಾಡಿದರೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದಳು. ಹಿಂದಿನ ಕೋಣೆಯಲ್ಲಿ ಯಂತ್ರದ ಮುಂದೆ ನಿಂತಾಗ ಕಣ್ಣು ತುಂಬಿ, ಒಂದೆರಡು ಗಾಜು ಅಳತೆ ತಪ್ಪಿದವು. ಅಂಗಡಿಯ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಮತ್ತೆ ಅದನ್ನು ಕೆಳಗಿಳಿಸಿದ್ದು ತಾಯಿಯಿಂದಾಗಿ. ಒಂದು ಬೆಳಿಗ್ಗೆ ಸ್ನಾನ ಮಾಡಿಸುವಾಗ ತಾಯಿ ಒದ್ದೆ ಕೈಯಿಂದ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಬಹಳ ಮೆಲ್ಲಗೆ, "ಅದೇ" ಎಂದಳು. ಏನು ಎಂದು ಗಾಜಕ್ಕ ಕೇಳಲಿಲ್ಲ. "ಹೂಂ ಅಮ್ಮ. ಮಾಡ್ತೀನಿ" ಎಂದಳು.

ಈ ಸಲ ತಾಯಿಯನ್ನು ಮೇಜಿನ ಪಕ್ಕಕ್ಕೇ ಕರೆತಂದಳು. ಯಾವ ಮಾತು ಬೇಕೆಂದು ತಾಯಿಯೇ ಹೇಳಬೇಕಲ್ಲ. ಹೌದಾದರೆ ಮೇಜು ತಟ್ಟುವುದು, ಅಲ್ಲವಾದರೆ ತಲೆ ಅಲ್ಲಾಡಿಸುವುದು ಎಂದು ಮಾಡಿಕೊಂಡರು.

"ಅವನ ಬಗ್ಗೆ ಹೇಳೋಕೆ ಒಂದು ಮಾತು ಬೇಕಲ್ವಾ ಅಮ್ಮ?"

ತಾಯಿ ಮೇಜು ತಟ್ಟಿದಳು.

"'ನಮ್ಮನ್ನ ಬಿಟ್ಟು ಹೋದ' ಅನ್ನೋಣವಾ?"

ತಲೆ ಅಲ್ಲಾಡಿತು.

"'ತೀರಿಕೊಂಡ'?"

ಇಲ್ಲ.

"'ಕಣ್ಣು ಮುಚ್ಚಿದ'? 'ದೂರ ಹೋದ'?"

ತಾಯಿಗೆ ಸಿಟ್ಟು ಬರುತ್ತಿತ್ತು. ಮಾತಿನ ಬೆಲೆ ಗೊತ್ತಿದ್ದವಳು ಅವಳು. ಸಂತೆಯಲ್ಲಿ ತರಕಾರಿ ಆರಿಸುವಂತೆ ಮಗಳು ಒಡ್ಡಿದ ಒಂದೊಂದನ್ನೂ ನೋಡಿ ತಳ್ಳುತ್ತಿದ್ದಳು. ಇನ್ನು ಉಳಿದದ್ದು ಒಂದೇ. ಆ ಪದವನ್ನು ಅವಳು ಈವರೆಗೆ ಯಾರ ಮುಂದೆಯೂ ಆಡಿರಲಿಲ್ಲ.

"ಸತ್ತ" ಎಂದಳು.

ತಾಯಿ ಮೇಜು ತಟ್ಟಿದಳು. ಒಮ್ಮೆಯಲ್ಲ, ಮತ್ತೆ ಮತ್ತೆ.

ಅದಕ್ಕೆ ಯಾವ ಚಿತ್ರ ಹಾಕುವುದು? ಹೂವು, ದೀಪ, ಆಕಾಶ ಎಲ್ಲವನ್ನೂ ತೋರಿಸಿದಳು. ತಾಯಿ ಚಿತ್ರವಿನ್ನೂ ತುಂಬದ ಬೂದು ಬಣ್ಣದ ಖಾಲಿ ಚೌಕದ ಮೇಲೆ ಬೆರಳಿಟ್ಟಳು. ಅದು ಹಾಗೇ ಉಳಿಯಿತು. ಅಲ್ಲಿಂದ ಮುಂದೆ ಕಟ್ಟೆ ಒಡೆದಂತಾಯಿತು. ಮತ್ತೆ ಯಾವ ಮಾತು, ಮತ್ತೆ ಯಾವುದು ಎಂದು ಕೇಳುತ್ತ ಹೋದರೆ ತಾಯಿಗೆ ಬೇಕಾದದ್ದು ಬೆಟ್ಟದಷ್ಟಿತ್ತು. "ನನ್ನ ಮಗ." "ನೆನಪಾಗ್ತಾನೆ." "ಅವನ ಮಾತು ಆಡಿ, ಮುಚ್ಚಿಡಬೇಡಿ." "ನನಗೆ ಎಲ್ಲಾ ಅರ್ಥ ಆಗುತ್ತೆ, ನನ್ನೆದುರು ಪಿಸುಗುಟ್ಟಬೇಡಿ." ಎದುರುಮನೆಯಾಕೆಯ ಬಗ್ಗೆಯೂ ಒಂದು ಮಾತಿತ್ತು, ಅದನ್ನು ಹಾಕಲಾರೆ ಎಂದಳು ಗಾಜಕ್ಕ.

ದನಿ ಯಾರದು? ಇದ್ದವಳು ಅವಳೊಬ್ಬಳೇ. ಮನೆಯ ಬೀದಿಯಲ್ಲಿ ಗಲಾಟೆ ನಿಲ್ಲುವುದಿಲ್ಲವೆಂದು, ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರ ನಿಲ್ಲಿಸಿ, ಬಾಗಿಲು ಹಾಕಿಕೊಂಡು ದನಿ ಹಿಡಿದಳು. ಹುಟ್ಟಿದಾಗಿನಿಂದ ಮಾತನ್ನು ಜಿಪುಣತನದಿಂದ ಬಳಸಿದವಳು. ಫೋನಿನ ಮುಂದೆ ನಿಂತರೆ ದನಿ ನಡುಗಿತು, ಗಟ್ಟಿ ಮಾಡಿದರೆ ಬಸ್ ನಿಲ್ದಾಣದ ಪ್ರಕಟಣೆಯಾಯಿತು. ಎಷ್ಟೋ ಸಲ ಆದ ಮೇಲೆ, ಗೋಡೆಗೆ ಒರಗಿ, ಯಾರಿಗೂ ಅಲ್ಲದೆ ಹೇಳಿದ್ದೊಂದು ಸರಿಬಂತು. ಯಜಮಾನರು ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬನನ್ನು ಸುಮ್ಮನೆ ಕೂರಿಸಿಕೊಂಡು ಕಾಯುತ್ತಿದ್ದರು.

ಎಲ್ಲಾ ಸೇರಿಸಿ ಸ್ಲೇಟಿಗೆ ಹಾಕುವ ದಿನ ಬಂತು. ತಂತಿ ಜೋಡಿಸಿದರೆ ಸ್ಲೇಟು ಕಾಣಿಸಲೇ ಇಲ್ಲ. ಆ ತಂತಿಗೆ ಚಾರ್ಜು ಮಾತ್ರ ಗೊತ್ತು, ಸುದ್ದಿ ಸಾಗಿಸುವುದು ಗೊತ್ತಿಲ್ಲ ಎಂದ ಗಡ್ಡ. ಬೇರೆ ತಂತಿ ತಂದಳು. ಸ್ಲೇಟು ಒಂದು ಪ್ರಶ್ನೆ ಕೇಳಿತು: ಈ ಕಂಪ್ಯೂಟರಿಗೆ ಅನುಮತಿ ಕೊಡಬಹುದೇ? ಕೊಟ್ಟಳು. ಆಮೇಲೆ ಮತ್ತೆ ಕೆಂಪು ಸಾಲು.

"ಸಹಿ ಹೊಂದಲ್ಲ ಅಂತಿದೆ" ಎಂದು ಓದಿದಳು.

"ಪ್ರತಿ ಕಂಪ್ಯೂಟರೂ ತಾನು ಕಟ್ಟಿದ್ದರ ಮೇಲೆ ತನ್ನ ಸಹಿ ಹಾಕುತ್ತೆ ಅಕ್ಕ. ಸ್ಲೇಟಲ್ಲಿ ಇರೋದಕ್ಕೆ ಅವನ ಸಹಿ ಇದೆ. ಅದು ಅವನ ಲ್ಯಾಪ್‌ಟಾಪ್ ಜೊತೆ ಹೋಯ್ತು. ಹಳೇದನ್ನ ತೆಗೆದುಹಾಕಿ ಹೊಸದು ಹಾಕಬೇಕು, ಬೇರೆ ದಾರಿ ಇಲ್ಲ."

"ಹಳೇದರಲ್ಲಿರೋದೆಲ್ಲ ಹೊಸದರಲ್ಲೂ ಇದೆಯಲ್ಲ?"

"ಇದೆ." ಆಮೇಲೆ, "ಗಾದೆಗಳು ಇಲ್ಲ. ಅವನು ಕೊನೆಗೆ ಹಾಕಿದ್ದಲ್ವಾ, ನನಗೆ ಕಳಿಸಿರಲಿಲ್ಲ."

ತಾಯಿ ಪಕ್ಕದಲ್ಲೇ ಇದ್ದಳು. ಎಡಗೈ ಚಾಚಿ ಸ್ಲೇಟನ್ನು ಎದೆಗೆ ಅವಚಿಕೊಂಡಳು, ತಂತಿಯೊಂದಿಗೇ.

"ತೆಗೆಯಲ್ಲ ಅಮ್ಮ, ತೆಗೆಯಲ್ಲ" ಎಂದಳು ಗಾಜಕ್ಕ. ಫೋನಿಗೆ ಕೇಳಿದಳು, "ಇಬ್ಬರೂ ಇರೋಕಾಗಲ್ವಾ? ಅವನದು ಅವನ ಪಾಡಿಗೆ, ನನ್ನದು ನನ್ನ ಪಾಡಿಗೆ?"

"ಒಂದೇ ಹೆಸರಿನವು ಎರಡು ಇರಲ್ಲ."

"ಹೆಸರು ಬೇರೆ ಮಾಡಿದ್ರೆ?"

ಆ ಕಡೆ ಕುರ್ಚಿ ಸರಿದ ಸದ್ದು. "ಆಗುತ್ತೆ" ಎಂದ ಗಡ್ಡ. "ಅದು ನನಗೇ ಹೊಳೀಬೇಕಿತ್ತು. ಅವನದನ್ನ ತೆಗೆಯೋ ಯೋಚನೇಲೇ ತಲೆ ನಿಂತುಹೋಗಿತ್ತು."

ಒಂದು ಸಾಲು ಬದಲಾಯಿಸಲು ಹೇಳಿಕೊಟ್ಟ. ತಾಯಿಯ ಕೈಯಿಂದ ಸ್ಲೇಟನ್ನು ಬಿಡಿಸಿಕೊಳ್ಳದೆ, ಅವಳ ಎದೆಯ ಮೇಲೆ ಇದ್ದಂತೆಯೇ ಗಾಜಕ್ಕ ಮತ್ತೆ ಕಟ್ಟಿ ಕಳಿಸಿದಳು. ಸ್ಲೇಟಿನ ಮೇಲೆ ತಮ್ಮನ ಆ್ಯಪಿನ ಹಳೆಯ ಗುರುತಿನ ಪಕ್ಕದಲ್ಲಿ ಇನ್ನೊಂದು ಗುರುತು ಮೂಡಿತು.

ತಾಯಿ ಅದನ್ನು ತಕ್ಷಣ ಮುಟ್ಟಲಿಲ್ಲ. ಆ ದಿನ ಕಳೆಯಿತು, ಮಾರನೆಯ ದಿನವೂ. ಗಾಜಕ್ಕ ಒತ್ತಾಯ ಮಾಡಲಿಲ್ಲ. ಮೂರನೆಯ ಬೆಳಿಗ್ಗೆ ಹಾಸಿಗೆ ಮಡಿಸುತ್ತಿದ್ದಾಗ ಬೆನ್ನ ಹಿಂದೆ ತನ್ನದೇ ದನಿ ಕೇಳಿತು.

"ನನ್ನ ಮಗ." ತುಸು ತಡೆದು, "ಸತ್ತ."

ಗಾಜಕ್ಕ ಹೊದಿಕೆ ಕೈಯಲ್ಲಿ ಹಿಡಿದೇ ತಿರುಗಿದಳು. "ಹೌದಮ್ಮ" ಎಂದಳು. ತಾಯಿಯ ಮುಖ ಮೆಲ್ಲಗೆ ಅಳುವಿಗೆ ತಿರುಗಿತು. ಮಗಳು ಹೋಗಿ ಅವಳ ಕಾಲ ಬಳಿ ಕೂತು ತೊಡೆಯ ಮೇಲೆ ತಲೆಯಿಟ್ಟಳು. ಅಷ್ಟು ದಿನ ಒಬ್ಬರಿಗೊಬ್ಬರು ಕಾಣದಂತೆ ಅತ್ತವರು ಅಂದು ಒಟ್ಟಿಗೆ ಅತ್ತರು. ಅಂಗಡಿಗೆ ಅಂದು ಅವಳು ಹೋಗಲಿಲ್ಲ.

ಕೆಲವು ದಿನಗಳ ಮೇಲೆ ಗಡ್ಡ ಬಂದ. ಹಳೆಯ ಆ್ಯಪನ್ನು ಬಿಚ್ಚಿ ಗಾದೆಗಳ ದನಿಗಳನ್ನು ಹೊರಗೆ ತೆಗೆದು ಕಾಪಾಡಬಹುದು, ಅದಕ್ಕೆ ಸ್ಲೇಟು ಬೇಕು ಎಂಬುದು ನೆಪ. ಬಾಗಿಲಲ್ಲಿ ನಿಂತವನು ಒಳಗೆ ಬರಲು ಹಿಂದೆಮುಂದೆ ನೋಡಿದ. ತಾಯಿ ಅವನನ್ನು ಗುರುತಿಸಿದಳು. ಬೆರಳು ಹೊಸ ಗುರುತಿನ ಕಡೆ ಹೋಯಿತು.

"ನನ್ನ ಮಗ. ಸತ್ತ. ನೆನಪಾಗ್ತಾನೆ."

"ನನಗೂ ಅಮ್ಮ" ಎಂದ ಗಡ್ಡ. "ಬರಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಕಾಲೇ ಬರ್ತಿರಲಿಲ್ಲ."

ತಾಯಿ ಕೇಳಿದಳು, ತಲೆಯಾಡಿಸಿದಳು. ಆಮೇಲೆ ಹಳೆಯ ಗುರುತನ್ನು ತೆರೆದು, ಚೌಕಗಳನ್ನು ಹುಡುಕಿ ಒತ್ತಿದಳು. ಅವನ ಗೆಳೆಯನ ದನಿ ಆ ಕೋಣೆಯಲ್ಲಿ ಎಂದಿನ ಸಲಿಗೆಯಿಂದ ಕೇಳಿತು: "ಒಳಗೆ ಬಾ. ಊಟ."

ಗಡ್ಡ ಬಾಗಿಲ ಚೌಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತ. ಗಾಜಕ್ಕನಿಗೆ ಆ ನಿಲುವು ಗೊತ್ತಿತ್ತು, ಅದಕ್ಕೇ ಅವಳು ಕರೆಯಲಿಲ್ಲ, ಸಂತೈಸಲೂ ಇಲ್ಲ. ಒಳಗೆ ಹೋಗಿ ಇನ್ನೊಂದು ತಟ್ಟೆ ತಂದು ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದಳು. ಅವನು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದು ಕೂತ. ಊಟ ಮುಗಿಯುವ ಹೊತ್ತಿಗೆ ಅವನು, ಎಸ್‌ಡಿಕೆಯ ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಬೇಡಿ, ಮತ್ತೆ ಎಲ್ಲಾ ಕೆಡುತ್ತೆ ಎಂದ.

"ಕೆಟ್ಟರೆ ಮತ್ತೆ ಕೂರಿಸಿದ್ರಾಯ್ತು" ಎಂದಳು ಗಾಜಕ್ಕ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ. "ಡಾಕ್ಟರಮ್ಮ ಇನ್ನೊಬ್ಬರ ಮನೆಗೂ ಇಂಥದೊಂದು ಮಾಡಿಕೊಡ್ತೀರಾ ಅಂತ ಕೇಳಿದಾರೆ. ಅಲ್ಲೊಬ್ಬ ಬಡಗಿಗೆ ಮಾತು ಹೋಗಿದೆಯಂತೆ. ಹೆಂಡತಿ ದನಿ ಕೊಡ್ತೀನಿ ಅಂದಿದಾಳೆ. ಬರುವ ಭಾನುವಾರ ಹೋಗಬೇಕು, ನೀನೂ ಬಾ."